ಸತ್ತ ಮೇಲೆ ಏನೂ ಇಲ್ಲ ಅಂದರೆ ದಿನಾ ದುಡಿಯೋದಕ್ಕೆ ಏನರ್ಥ?

ಅಪ್ಪ ತೀರಿಕೊಂಡು ಆರು ತಿಂಗಳಾಗಿದೆ, ಸ್ವರ್ಗ, ಪುನರ್ಜನ್ಮ ಯಾವುದರ ಮೇಲೂ ನಂಬಿಕೆ ಉಳಿದಿಲ್ಲ, ಬೆಳಗ್ಗೆ ಎದ್ದು ಬ್ಯಾಂಕಿಗೆ ಹೋಗೋದೇ ವ್ಯರ್ಥ ಅನ್ನಿಸುತ್ತಿದೆ ಅಂತ ಬರೆದಿದ್ದೀರಿ. ಪಿತೃಪಕ್ಷಕ್ಕೆ ಎಡೆ ಇಡು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ, ನಂಬದೆ ಇಟ್ಟರೆ ನಾಟಕ ಆಗಲ್ವಾ ಅಂತಲೂ ಕೇಳಿದ್ದೀರಿ.

ನಿಮ್ಮ ಅಪ್ಪನ ವಿಷಯ ಓದಿ ಸಂಕಟವಾಯಿತು. ಆರು ತಿಂಗಳು ಅಂದರೆ ಇನ್ನೂ ಹಸಿ ಗಾಯ. ಊಟ, ನಿದ್ದೆ ಕೆಟ್ಟಿದ್ದರೆ ಒಮ್ಮೆ ಡಾಕ್ಟರ ಹತ್ತಿರ ಮಾತಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಇನ್ನು ನಿಮ್ಮ ಪ್ರಶ್ನೆ. ನಾನು ಮಂಡ್ಯ ಕಡೆಯವಳು. ಪರಲೋಕದಲ್ಲಿ ನನಗೂ ನಂಬಿಕೆ ಇಲ್ಲ. ಆದರೂ ಪ್ರತಿ ವರ್ಷ ಎಡೆ ಇಡುತ್ತೇನೆ, ಮನಸಾರೆ ಇಡುತ್ತೇನೆ.

ನಮ್ಮಲ್ಲಿ ಹಿರಿಯರ ಹಬ್ಬ ಮಾಡೋದು ಮಹಾಲಯ ಅಮಾವಾಸ್ಯೆಯ ದಿನ. ಕಳಶ ಇಟ್ಟು, ಪಕ್ಕದಲ್ಲಿ ಹೊಸ ಪಂಚೆ, ಸೀರೆ ಇಡುತ್ತೇವೆ. ಮುಂದೆ ಬಾಳೆ ಎಲೆ. ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ, ಪಾಯಸ, ಇದು ಎಲ್ಲರಿಗೂ. ಆಮೇಲೆ ಒಬ್ಬೊಬ್ಬರ ಪಾಲಿನದು ಶುರು. ತಾತನಿಗೆ ಬೀಡಿ ಕಟ್ಟು, ಬೆಂಕಿಪೊಟ್ಟಣ. ಅಜ್ಜಿಗೆ ಎಲೆ ಅಡಿಕೆ ಜೊತೆಗೆ ಚೂರು ಹೊಗೆಸೊಪ್ಪು. ಚಿಕ್ಕಪ್ಪನಿಗೆ ಒಂದು ಕ್ವಾರ್ಟರ್ ಬಾಟ್ಲಿ. ಬದುಕಿದ್ದಾಗ ಕುಡೀಬೇಡ ಅಂತ ದಿನಾ ಜಗಳ ಆಡುತ್ತಿದ್ದ ಚಿಕ್ಕಮ್ಮನೇ ಅದನ್ನ ತರಿಸಿ, ಸೆರಗಿನಲ್ಲಿ ಒರೆಸಿ ಎಲೆ ಪಕ್ಕ ಇಡೋದು. ಸಾಂಬ್ರಾಣಿ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ, ಹಿರಿಯರು ಬಂದು ಉಣ್ಣಲಿ ಅಂತ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ಆಮೇಲೆ ನಮ್ಮ ಊಟ.

ಇದೇ ಮನೆಯಲ್ಲಿ ತಾತ ಸತ್ತ ದಿನ ‘ಶಿವನ ಪಾದ ಸೇರಿಕೊಂಡ’ ಅಂದರು. ಅಣ್ಣನಿಗೆ ಗಂಡು ಮಗು ಹುಟ್ಟಿದಾಗ ‘ತಾತನೇ ಹುಟ್ಟಿ ಬಂದ’ ಅಂದರು. ಅಮಾವಾಸ್ಯೆಗೆ ಮತ್ತೆ ಅದೇ ತಾತ ಊಟಕ್ಕೆ ಬರುತ್ತಾನೆ. ಮೂರೂ ಒಟ್ಟಿಗೆ ನಿಜ ಆಗೋದು ಹೇಗೆ ಅಂತ ಯಾರೂ ತಲೆ ಕೆಡಿಸಿಕೊಂಡಿದ್ದು ನಾನು ನೋಡಿಲ್ಲ. ಸತ್ತವರು ಎಲ್ಲಿದ್ದಾರೆ ಅನ್ನೋದು ಇತ್ಯರ್ಥ ಆಗಲಿ, ಆಮೇಲೆ ಒಲೆ ಹಚ್ಚೋಣ ಅಂತ ನಮ್ಮ ಹೆಂಗಸರು ಕಾದು ಕೂತಿದ್ದರೆ ಒಂದು ವಡೆಯೂ ಬೇಯುತ್ತಿರಲಿಲ್ಲ.

ನಮ್ಮ ನಾಡಿನಲ್ಲಿ ಇದು ಹಳೇ ಪದ್ಧತಿ ಅಂತ ನನಗೆ ಅನ್ನಿಸುತ್ತೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಕ್ರಿ.ಶ. 949-50ರ ಸುಮಾರಿನ ಒಂದು ಕಲ್ಲಿದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಸಾಧ್ಯವಾದರೆ ನೋಡಿ ಬನ್ನಿ. ಮಣಲೇರ ಅನ್ನೋ ವೀರನ ನಾಯಿ ಕಾಳಿ, ಕಾಡುಹಂದಿಯ ಜೊತೆ ಹೋರಾಡಿ ಸತ್ತಿತು. ಹಂದಿಯೂ ಸತ್ತಿತು. ಎರಡೂ ಸೆಣಸುವ ಚಿತ್ರ ಕಲ್ಲಿನ ಮೇಲಿದೆ. ಮಾಮೂಲಿ ವೀರಗಲ್ಲಿನಲ್ಲಿ ಕೆಳಗೆ ಯುದ್ಧ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲೋಕ ಇರುತ್ತೆ. ಕಾಳಿಗೆ ಮಾಡಿದ್ದು ಬೇರೆ. ಕಲ್ಲು ನೆಟ್ಟು, ಪೂಜೆಗೆ ಅಂತ ಭೂಮಿ ಬಿಟ್ಟರು. ಪೂಜೆ ಮಾಡದೆ ಪೂಜಾರಿ ಉಣ್ಣಬಾರದು ಅನ್ನೋ ಕಟ್ಟಳೆಯನ್ನೂ ಬರೆಸಿದರು. ಸತ್ತ ನಾಯಿಯ ನೆನಪು ಬದುಕಿರುವವನೊಬ್ಬನ ದಿನದ ಕೆಲಸ ಆಯಿತು.

ದಿನದ ಕೆಲಸ ಅಂದಾಗ ಕಾಯಕವೇ ಕೈಲಾಸ ಅನ್ನೋ ಮಾತು ಬಂದೇ ಬರುತ್ತೆ. ಗೋಡೆ ಗೋಡೆ ಮೇಲೆ ಬರೆದು ಅದನ್ನ ಸವೆಸಿಬಿಟ್ಟಿದ್ದೇವೆ. ನನಗೆ ಆ ಮಾತಿಗಿಂತ ಆಯ್ದಕ್ಕಿ ಲಕ್ಕಮ್ಮನ ಕತೆ ಜಾಸ್ತಿ ಇಷ್ಟ. 12ನೇ ಶತಮಾನದ ಕಲ್ಯಾಣದಲ್ಲಿ ಗಂಡ ಮಾರಯ್ಯ ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಮಾಮೂಲಿಗಿಂತ ಹೆಚ್ಚು ತಂದ. ಇಷ್ಟು ನಮಗೆ ಬೇಡ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಅಂತ ಲಕ್ಕಮ್ಮ ವಾಪಸ್ ಕಳಿಸಿದಳು. ಅವತ್ತಿನ ಅಡುಗೆಗೆ ಎಷ್ಟು ಹಿಡಿ ಬೇಕು ಅನ್ನೋದು ಆಕೆಗೆ ಪಕ್ಕಾ ಗೊತ್ತಿತ್ತು.

ನೀವು ಕೌಂಟರಿನಲ್ಲಿ ಕೂರುತ್ತೇನೆ ಅಂದಿರಿ. ತಿಂಗಳ ಮೊದಲ ವಾರ ಪಿಂಚಣಿ ತಗೊಳ್ಳೋಕೆ ಬರುವ ಅಜ್ಜಿಯರಲ್ಲಿ ಎಷ್ಟೋ ಜನಕ್ಕೆ ಸ್ಲಿಪ್ ತುಂಬೋಕೆ ಬರಲ್ಲ. ಬೆರಳು ಸವೆದು ಹೆಬ್ಬೆಟ್ಟು ಮಷೀನಿಗೆ ಹತ್ತಲ್ಲ. ನಾಳೆ ಬನ್ನಿ ಅಂದರೆ ಅವರಿಗೆ ಮತ್ತೆ ಬಸ್ ಚಾರ್ಜು, ಮತ್ತೆ ಒಂದು ದಿನ. ಅವತ್ತೇ ಕೆಲಸ ಮುಗಿಸಿ ಕಳಿಸುವವರು ಆ ಕುರ್ಚಿಯಲ್ಲಿ ಇದ್ದಾರಾ ಇಲ್ವಾ ಅನ್ನೋದು ಅವರ ಪಾಲಿಗೆ ಸಣ್ಣ ವಿಷಯ ಅಲ್ಲ. ಸತ್ತ ಮೇಲೆ ಏನೂ ಇಲ್ಲದಿದ್ದರೂ ಆ ಬಸ್ ಚಾರ್ಜು ನಿಜ.

ಎಡೆ ಇಡೋದು ನಾಟಕ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಬೀಡಿ ಯಾರಿಗೆ, ಹೊಗೆಸೊಪ್ಪು ಯಾರಿಗೆ ಅಂತ ತಪ್ಪದೆ ನೆನಪಿಡಬೇಕು ಅಂದರೆ ಅವರು ಇದ್ದಾಗ ಯಾರೋ ಕಣ್ಣಿಟ್ಟು ನೋಡಿರಬೇಕು ಅಲ್ವಾ. ಅದಕ್ಕೆ ಪರಲೋಕದ ಪುರಾವೆ ಬೇಕಿಲ್ಲ.

ಒಂದು ಮಾತು: ವರ್ಷ ತುಂಬುವ ತನಕ ಹೊಸದಾಗಿ ಹೋದವರನ್ನ ಎಡೆಗೆ ಸೇರಿಸದ ಮನೆಗಳೂ ಇವೆ. ನಿಮ್ಮ ಮನೆಯ ಪದ್ಧತಿ ಏನು ಅಂತ ದೊಡ್ಡವರನ್ನ ಕೇಳಿ. ಯಾವಾಗ ಇಟ್ಟರೂ ಸುಮ್ನೆ ಹೋಟೆಲಿನಿಂದ ತರಿಸಬೇಡಿ. ಅಪ್ಪನಿಗೆ ಯಾವ ಸಾರು ಇಷ್ಟ, ಖಾರ ಎಷ್ಟು ಹಾಕಬೇಕು, ಮುದ್ದೆ ಎಷ್ಟು ಗಟ್ಟಿ ಇರಬೇಕು ಅಂತ ಅಮ್ಮನನ್ನ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ನೀವೇ ಮಾಡಿ. ಅಡುಗೆ ಬರದಿದ್ದರೆ ಈ ಭಾನುವಾರದಿಂದಲೇ ಕಲಿಯೋಕೆ ಶುರು ಮಾಡಿ.