ಪತ್ತೇದಾರಿ ಕಥೆ ಬರೆಯಲು ಗಂಡನ ಸಹಾಯ ಬೇಕಿತ್ತಾ?

ಆಸ್ಟ್ರೇಲಿಯಾದ ಪತ್ತೇದಾರಿ ಲೇಖಕಿಯರ ಬಗ್ಗೆ ಬರೆದಾಗಲೆಲ್ಲ ನನಗೆ ಅವೇ ನಾಲ್ಕು ಪ್ರಶ್ನೆಗಳು ಬರುತ್ತವೆ. ಈ ಸಲ ಒಟ್ಟಿಗೇ ಮುಗಿಸಿಬಿಡುತ್ತೇನೆ.

ಪ್ರಶ್ನೆ: ಹಿಂದಿನ ಕಾಲದ ಹೆಂಗಸರಿಗೆ ಪೊಲೀಸರ ಕೆಲಸ ಹೇಗೆ ಗೊತ್ತಿತ್ತು? ಗಂಡಂದಿರೇ ಬರೆದುಕೊಟ್ಟಿರಬೇಕಲ್ವಾ?

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹತ್ತೊಂಬತ್ತನೇ ಶತಮಾನದ ಪತ್ತೇದಾರಿ ಲೇಖಕಿ ಮೇರಿ ಫಾರ್ಚೂನ್ ಹುಟ್ಟಿದ್ದು ಬೆಲ್‌ಫಾಸ್ಟ್‌ನಲ್ಲಿ, ಮದುವೆಯಾಗಿದ್ದು ಕೆನಡಾದಲ್ಲಿ. 1855ರಲ್ಲಿ ಪುಟ್ಟ ಮಗನ ಜೊತೆ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ ಚಿನ್ನದ ಗಣಿಗಳಿಗೆ ಬಂದರು. ಅಲ್ಲಿನ ಪತ್ರಿಕೆಯೊಂದಕ್ಕೆ ಬರಹ ಕಳಿಸಿದರು. ಪತ್ರಿಕೆಯವರಿಗೆ ಎಷ್ಟು ಹಿಡಿಸಿತೆಂದರೆ ಉಪಸಂಪಾದಕರ ಕೆಲಸಕ್ಕೇ ಕರೆದರು. ಬರೆದದ್ದು ಹೆಂಗಸು ಅಂತ ಗೊತ್ತಾದ ಮೇಲೆ ಕೆಲಸವೂ ಇಲ್ಲ, ಗಿಲಸವೂ ಇಲ್ಲ.

1858ರಲ್ಲಿ ಅವರು ಒಬ್ಬ ಕುದುರೆ ಪೊಲೀಸನನ್ನು ಎರಡನೇ ಮದುವೆಯಾದದ್ದು ನಿಜ. ಠಾಣೆ, ಲಾಕಪ್ಪು, ಗಣಿ ಡೇರೆಗಳ ಜಗಳ ಎಲ್ಲ ಹತ್ತಿರದಿಂದ ಕಂಡಿರುತ್ತಾರೆ. ಆದರೆ ಆ ಸಂಸಾರ ಬೇಗ ಮುರಿಯಿತು. ಗಂಡ ಹೋದ, ಬರವಣಿಗೆ ನಿಲ್ಲಲಿಲ್ಲ. 1868ರಿಂದ 1908ರವರೆಗೆ, ನಲವತ್ತು ವರ್ಷ, ಮೆಲ್ಬರ್ನ್‌ನ 'ಆಸ್ಟ್ರೇಲಿಯನ್ ಜರ್ನಲ್'ನಲ್ಲಿ ಅವರ ಪತ್ತೇದಾರಿ ಕಥೆಗಳು ಬಂದವು. ಐನೂರಕ್ಕೂ ಹೆಚ್ಚು! ಕಥೆ ಹೇಳುವವನು ಒಬ್ಬ ಗಂಡಸು ಪತ್ತೇದಾರ. ಕೆಳಗೆ ಸಹಿ 'ಡಬ್ಲ್ಯು. ಡಬ್ಲ್ಯು.' ಅಷ್ಟೇ, ಅಂದರೆ 'ವೇಫ್ ವಾಂಡರ್'. 1911ರಲ್ಲಿ ತೀರಿಕೊಂಡರು. ಆ ಸಹಿಯ ಹಿಂದೆ ಯಾರಿದ್ದರು ಅಂತ ಹುಡುಕಿ ತೆಗೆದದ್ದು 1950ರ ದಶಕದಲ್ಲಿ, ಒಬ್ಬ ಪುಸ್ತಕ ಸಂಗ್ರಾಹಕರು.

'ಮಗ ಜೈಲಿಗೆ ಹೋದ, ಅದಕ್ಕೇ ತಾಯಿ ಅಪರಾಧದ ಕಥೆ ಬರೆದಳು' ಅಂತ ಹೇಳುವ ಯೂಟ್ಯೂಬ್ ಪಂಡಿತರೂ ಇದ್ದಾರೆ. ವಿಕ್ಟೋರಿಯಾದಲ್ಲಿ ಹುಟ್ಟಿದ ಎರಡನೇ ಮಗ ಮುಂದೆ ಜೈಲು ಕಂಡದ್ದು ಹೌದು. ಆದರೆ 1868ರಲ್ಲಿ ಅವನಿಗೆ ಹನ್ನೊಂದೋ ಹನ್ನೆರಡೋ ವರ್ಷ. ಸ್ವಲ್ಪ ಲೆಕ್ಕ ಹಾಕಿ ನೋಡಬಾರದೇ?

ಇನ್ನು ಗಂಡನ ಸಹಾಯದ ಮಾತು. ಜೂನ್ ರೈಟ್ 1948ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿಯ ಕೊಲೆ ನಡೆಯುವುದು ಮೆಲ್ಬರ್ನ್‌ನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಅಲ್ಲಿ ಕೆಲಸ ಮಾಡಿದವರು ಅವರೇ. ಆರು ಮಕ್ಕಳ ತಾಯಿ ಕೂಡ. 1920ರ ದಶಕದ ಮೆಲ್ಬರ್ನ್‌ಗೆ ಫ್ರೈನಿ ಫಿಶರ್ ಎಂಬ ಪತ್ತೇದಾರಿಣಿಯನ್ನು ತಂದ ಕೆರ್ರಿ ಗ್ರೀನ್‌ವುಡ್ ಸ್ವತಃ ವಕೀಲೆಯಾಗಿದ್ದವರು. ಕಾನೂನು ನೆರವಿನಲ್ಲಿ ಬಡ ಆರೋಪಿಗಳ ಪರ ನಿಲ್ಲುತ್ತಿದ್ದರು. ಇವರಿಗೆಲ್ಲ ಗಂಡ ಬಂದು ಏನು ಹೇಳಿಕೊಡಬೇಕಿತ್ತು?

ಪ್ರಶ್ನೆ: ಆಸ್ಟ್ರೇಲಿಯಾದ ಮೊದಲ ಕೊಲೆ ರಹಸ್ಯ ಕಾದಂಬರಿ ಫರ್ಗಸ್ ಹ್ಯೂಮ್ ಅವರದ್ದಲ್ಲವೇ?

ಅಲ್ಲ. ಅದು 1886ರದ್ದು. ಎಲೆನ್ ಡೇವಿಟ್ ಅವರ ಕಾದಂಬರಿ 1865ರಲ್ಲೇ ಧಾರಾವಾಹಿಯಾಗಿ ಬಂದಿತ್ತು. ಅಪರಾಧ ಕಥೆ ಬರೆಯುವ ಆಸ್ಟ್ರೇಲಿಯಾದ ಲೇಖಕಿಯರಿಗೆ ಕೊಡುವ ಡೇವಿಟ್ ಪ್ರಶಸ್ತಿ ಅವರ ಹೆಸರಿನದ್ದೇ.

ಪ್ರಶ್ನೆ: ಈಗಿನ ಪತ್ತೇದಾರಿ ಲೇಖಕಿ ಜೇನ್ ಹಾರ್ಪರ್ ಅವರಿಂದ ಓದು ಶುರು ಮಾಡಬಹುದೇ? ಪಿಡಿಎಫ್ ಇದ್ದರೆ ಕಳಿಸಿ.

ಶುರು ಮಾಡಿ. ಪಿಡಿಎಫ್ ಕಳಿಸುವುದಿಲ್ಲ.

ಪ್ರಶ್ನೆ (ಮೆಲ್ಬರ್ನ್‌ನ ಓದುಗರೊಬ್ಬರಿಂದ): ನನಗೂ ಬರೆಯುವ ಆಸೆ. '21 ದಿನದಲ್ಲಿ ಥ್ರಿಲ್ಲರ್' ಕೋರ್ಸ್ ಸೇರಲೇ?

ಬೇಡ ತಾಯಿ. ಇಪ್ಪತ್ತೊಂದು ದಿನದಲ್ಲಿ ಹಲಸಿನ ಹಪ್ಪಳವೂ ಸರಿಯಾಗಿ ಮಾಡಲು ಬರುವುದಿಲ್ಲ. ದುಡ್ಡು ಕಟ್ಟಿ ಕಳಕೊಂಡವರ ಹಸ್ತಪ್ರತಿಗಳು ನನ್ನ ಮೇಜಿನ ಮೇಲಿವೆ. ಎಲ್ಲದರಲ್ಲೂ ಮೊದಲ ಪುಟದಲ್ಲೇ ಮಳೆ, ಎರಡನೇ ಪುಟದಲ್ಲಿ ಹೆಣ. ಪತ್ತೇದಾರಿ ಕಥೆ ಬರೆಯುವ, ಓದುವ ಹೆಂಗಸರ 'ಸಿಸ್ಟರ್ಸ್ ಇನ್ ಕ್ರೈಮ್ ಆಸ್ಟ್ರೇಲಿಯಾ' ಸಂಘ ನಿಮ್ಮೂರಿನದ್ದೇ, 1991ರಲ್ಲಿ ಶುರುವಾದದ್ದು. ಹೆಂಗಸರಿಗಾಗಿಯೇ ಅದರ ಸಣ್ಣ ಕಥೆ ಸ್ಪರ್ಧೆ ಇದೆ, ಸ್ಕಾರ್ಲೆಟ್ ಸ್ಟಿಲೆಟೊ ಅಂತ. ಅಲ್ಲಿಗೆ ಒಂದು ಕಥೆ ಕಳಿಸಿ. ನೀವು ಕೆಲಸ ಮಾಡುವ ಜಾಗದಲ್ಲೇ ಹೆಣ ಬೀಳಲಿ, ಕಥೆಯಲ್ಲಿ ಮಾತ್ರ.