ಖುಷಿಯೇ ಸಿಗದಿದ್ದರೂ ತಮ್ಮನಿಗೆ ರೀಲ್ಸ್ ಬಿಡಲಾಗುತ್ತಿಲ್ಲ. ಅವನ ಮಿದುಳು ಕೆಟ್ಟಿದೆಯೇ?

ದ್ವಿತೀಯ ಪಿಯುಸಿ ಓದುತ್ತಿರುವ ನಿಮ್ಮ ತಮ್ಮ ರಾತ್ರಿ ಎರಡರವರೆಗೆ ರೀಲ್ಸ್ ನೋಡುತ್ತಾನೆ, ಕೇಳಿದರೆ "ಏನೂ ಮಜಾ ಇಲ್ಲ" ಎನ್ನುತ್ತಾನೆ, ಆದರೂ ಬಿಡುವುದಿಲ್ಲ ಎಂದು ಬರೆದಿದ್ದೀರಿ. ಕಲಬುರಗಿಯಲ್ಲಿ ಪಿಯು ವಿದ್ಯಾರ್ಥಿಗಳಿಗೆ ಜೀವಶಾಸ್ತ್ರ ಕಲಿಸುವ ನಾನು ಈ ಮಾತನ್ನು ಅನೇಕ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ಅವನು ಸುಳ್ಳು ಹೇಳುತ್ತಿಲ್ಲ.

ಮಿದುಳಿನಲ್ಲಿರುವ ಡೋಪಮೈನ್ ಸುಖ ಕೊಡುವ ರಾಸಾಯನಿಕ ಎಂಬುದು ಅರೆಬರೆ ತಿಳಿವಳಿಕೆ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಮಂಗಗಳಿಗೆ ಹಣ್ಣಿನ ರಸ ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ, ಡೋಪಮೈನ್ ನರಕೋಶಗಳು ಮೊದಮೊದಲು ರಸ ಸಿಕ್ಕಾಗ ಚುರುಕಾದವು. ರಸಕ್ಕೆ ಮುಂಚೆ ಸೂಚನೆಯೊಂದು ಬರುತ್ತದೆಂದು ಮಂಗ ಕಲಿತ ಮೇಲೆ ಆ ಸೂಚನೆಗೇ ಚುರುಕಾದವು. ಕಾದಿದ್ದ ರಸ ಬಾರದಿದ್ದರೆ ಅವುಗಳ ಚಟುವಟಿಕೆ ಕುಗ್ಗಿತು. ಮಿರ್ಚಿ ಭಜಿ ಕರಿಯುವ ವಾಸನೆ ಬಂದೊಡನೆ ಕಾಲು ಬಂಡಿಯತ್ತ ತಿರುಗುವುದನ್ನು ನೆನೆದರೆ ಇದು ಅರ್ಥವಾದೀತು. ಇನ್ನೊಬ್ಬ ನರವಿಜ್ಞಾನಿ ಕೆಂಟ್ ಬೆರಿಡ್ಜ್ ಅವರ ಸಂಶೋಧನೆ ಇನ್ನೂ ಮುಂದಕ್ಕೆ ಹೋಯಿತು: ಡೋಪಮೈನ್ ಬಹುತೇಕ ಇಲ್ಲವಾದ ಇಲಿಗಳು ತಾವಾಗಿ ತಿನ್ನಲು ಹೋಗಲಿಲ್ಲ, ಆದರೆ ನಾಲಗೆಗೆ ಸಿಹಿ ತಾಗಿಸಿದರೆ ಮೊದಲಿನಂತೆಯೇ ಸವಿದವು. ಬೇಕೆನಿಸುವುದು ಬೇರೆ, ಹಿತವೆನಿಸುವುದು ಬೇರೆ. ನಿಮ್ಮ ತಮ್ಮನಲ್ಲಿ ಎರಡನೆಯದು ಸವೆದು ಮೊದಲನೆಯದು ಉಳಿದಿರಬಹುದು. ಮುಂದಿನ ವಿಡಿಯೊ ಹೇಗಿರುತ್ತದೋ ಗೊತ್ತಿಲ್ಲದಿರುವುದೇ ಆ ಬಯಕೆಯನ್ನು ಆರದಂತೆ ಇಡುತ್ತದೆ.

ಮಿದುಳು ಕೆಟ್ಟಿದೆ ಎಂದು ಮಾತ್ರ ದಯವಿಟ್ಟು ಅವನಿಗೆ ಹೇಳಬೇಡಿ. ಅತಿಯಾಗಿ ಇಂಟರ್ನೆಟ್ ಬಳಸುವವರ ಮಿದುಳಿನ ಸ್ಕ್ಯಾನ್‌ಗಳಲ್ಲಿ ವ್ಯತ್ಯಾಸಗಳು ಕಂಡಿವೆ, ನಿಜ. ಆದರೆ ಅವು ಬಳಕೆಯಿಂದ ಬಂದವೋ ಮೊದಲೇ ಇದ್ದವೋ ಎಂಬುದನ್ನು ಒಮ್ಮೆ ತೆಗೆದ ಸ್ಕ್ಯಾನ್ ಹೇಳಲಾರದು. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಪಟ್ಟಿಯಲ್ಲಿ ಗೇಮಿಂಗ್ ವ್ಯಸನಕ್ಕೆ ಪ್ರತ್ಯೇಕ ಸ್ಥಾನವಿದೆ, ರೀಲ್ಸ್ ನೋಡುವುದಕ್ಕಿಲ್ಲ. ಮೇಲಾಗಿ, ತಡೆದು ಯೋಚಿಸಲು ನೆರವಾಗುವ ಮುಮ್ಮಿದುಳಿನ ಭಾಗ ಮಾಗುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಹದಿನೇಳರ ಹುಡುಗನಿಗೆ "ಮನಸ್ಸು ಗಟ್ಟಿ ಮಾಡು" ಎಂದು ಬೈದರೆ ಇನ್ನೂ ಪೂರ್ತಿ ಬೆಳೆಯದ ಭಾಗದ ಮೇಲೆ ಇಡೀ ಭಾರ ಹೊರಿಸಿದಂತೆ.

ಆದ್ದರಿಂದ ಸೂಚನೆಯನ್ನೇ ದೂರ ಮಾಡಿ. ನೋಟಿಫಿಕೇಶನ್ ನಿಲ್ಲಿಸಿ, ರಾತ್ರಿ ಮನೆಯವರೆಲ್ಲರ ಫೋನುಗಳೂ ಅಡುಗೆಮನೆಯಲ್ಲೇ ಚಾರ್ಜ್ ಆಗಲಿ. ಅವನದೊಂದೇ ಅಲ್ಲ, ನಿಮ್ಮದೂ ಕೂಡ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗೆ ಕಾಲಿಡಲಾಗದೆ ಮಕ್ಕಳು ಫೋನಿಗೆ ಅಂಟಿಕೊಳ್ಳುವುದು ಸಹಜ, ಹಾಗಾಗಿ ಬಿಸಿಲಿಳಿದ ಮೇಲೆ ಕಲಬುರಗಿಯ ಅಪ್ಪನ ಕೆರೆಯ ಕಡೆಗೆ ಜೊತೆಯಲ್ಲಿ ನಡೆದು ಬನ್ನಿ. ನಿದ್ದೆ, ಊಟ, ಕಾಲೇಜು ಎಲ್ಲವೂ ತಪ್ಪುತ್ತಿದ್ದರೆ ಅಥವಾ ಅವನು ಮಂಕಾಗಿದ್ದರೆ, ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಇಂಟರ್ನೆಟ್‌ಗಳ ಅತಿಬಳಕೆಗೆಂದೇ 2014ರಲ್ಲಿ ಆರಂಭವಾದ ಕ್ಲಿನಿಕ್ ಇದೆ. ಫೋನು ಬೇರೆ ಕೋಣೆಗೆ ಹೋದ ಮೊದಲ ಕೆಲವು ರಾತ್ರಿ ಕೈ ತಾನಾಗಿಯೇ ದಿಂಬಿನ ಕೆಳಗೆ ತಡಕಾಡುತ್ತಿತ್ತು ಎಂದು ವಿದ್ಯಾರ್ಥಿಯೊಬ್ಬ ನನಗೆ ಹೇಳಿದ್ದ. ಆ ದಿನಗಳಲ್ಲಿ ತಮ್ಮ ಸಿಡಿಮಿಡಿಗೊಂಡರೆ ತಿರುಗಿ ಸಿಟ್ಟಾಗದೆ ಅವನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತಿರಿ.