ಯಾವ ಕಾಲೇಜು ಅನ್ನುವ ಮೊದಲು, ತಲಪಾಡಿಯ ಆಚೆಗೋ ಈಚೆಗೋ?

ಕಾಸರಗೋಡಿನ ಕನ್ನಡ ಮಕ್ಕಳು ಕಾಲೇಜಿಗೆ ಯಾವಾಗಿನಿಂದ ತಯಾರಿ ಮಾಡುತ್ತಾರೆ ಎಂದು ಕೇಳಿದ್ದೀರಿ. ನಿಮ್ಮ ಬೆಂಗಳೂರಿನಲ್ಲಾದರೆ ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ಮೇಲೆ ಸೈನ್ಸೋ ಕಾಮರ್ಸೋ ಎಂಬ ಚರ್ಚೆ ಶುರುವಾಗುತ್ತದೆ, ಅಲ್ವಾ? ನಮ್ಮಲ್ಲಿ ಅದಕ್ಕೂ ಮೊದಲೇ ಇನ್ನೊಂದು ವಿಷಯ ತೀರ್ಮಾನ ಆಗಬೇಕು. ಮಗು ಓದುವುದು ಕೇರಳ-ಕರ್ನಾಟಕ ಗಡಿಯ ತಲಪಾಡಿ ಗೇಟಿನ ಆಚೆಗೋ, ಈಚೆಗೋ? ಆಚೆ ಅಂದರೆ ಕರ್ನಾಟಕ, ಈಚೆ ಅಂದರೆ ಕೇರಳ.

ಹಿನ್ನೆಲೆ ನಿಮಗೆ ಗೊತ್ತಿರಬಹುದು. 1956ರ ನವೆಂಬರ್ 1ರಂದು ನಮ್ಮೂರು ಕೇರಳಕ್ಕೆ ಸೇರಿತು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆ ಇವತ್ತಿಗೂ ಕನ್ನಡ ಮೀಡಿಯಂ ಶಾಲೆಗಳಿವೆ. ಪುಸ್ತಕ ಕನ್ನಡದ್ದು, ಪಾಠ ಕೇರಳದ್ದು. ನನ್ನ ಮಗಳು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ ಮಾತಾಡಿಕೊಂಡು ಬೆಳೆದವಳು.

ಹತ್ತನೇ ಕ್ಲಾಸಿನವರೆಗೆ ದೊಡ್ಡ ತೊಂದರೆ ಇಲ್ಲ. ಹತ್ತು ಪೇಪರು, ಅದರಲ್ಲಿ ಎರಡು ಕನ್ನಡ. ಎಲ್ಲದಕ್ಕೂ ಎ ಪ್ಲಸ್ ಬಂದರೆ ಊರಿಡೀ ಫ್ಲೆಕ್ಸ್ ಹಾಕುತ್ತಾರೆ. ಪೆಟ್ಟು ಬೀಳುವುದು ಪ್ಲಸ್ ವನ್‌ನಲ್ಲಿ. ಅಂದರೆ ನಿಮ್ಮ ಫಸ್ಟ್ ಪಿಯುಸಿ. ಅಲ್ಲಿ ಪುಸ್ತಕವೆಲ್ಲ ಇಂಗ್ಲಿಷ್. ಪಾಠ ಮಾಡುವವರು ವಿವರಿಸುವುದು ಹೆಚ್ಚಾಗಿ ಮಲಯಾಳಂನಲ್ಲಿ. ದ್ಯುತಿಸಂಶ್ಲೇಷಣೆ ಎಂದು ಕಲಿತ ಹುಡುಗಿ ಫೋಟೋಸಿಂಥೆಸಿಸ್ ಎಂದಾಗ ಅದು ಹೊಸ ಪಾಠ ಎಂದುಕೊಂಡಿದ್ದಳು. ಮೊದಲ ಮೂರು ತಿಂಗಳು ಅವಳು ಸರಿಯಾಗಿ ಊಟ ಮಾಡಲಿಲ್ಲ. ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಎಂಟನೇ ಕ್ಲಾಸಿನಿಂದಲೇ ವಿಜ್ಞಾನದ ನೋಟ್ಸಿನಲ್ಲಿ ಕನ್ನಡ ಪದದ ಪಕ್ಕ ಇಂಗ್ಲಿಷ್ ಪದವನ್ನೂ ಬರೆಸಿ. ಟ್ಯೂಷನ್‌ಗಿಂತ ಅದು ಜಾಸ್ತಿ ಉಪಕಾರಕ್ಕೆ ಬರುತ್ತದೆ. ಎಂಟರಲ್ಲಿ ಎನ್‌ಎಂಎಂಎಸ್ ಎಂಬ ಸ್ಕಾಲರ್‌ಶಿಪ್ ಪರೀಕ್ಷೆಯನ್ನೂ ಬರೆಸಿ. ಪಾಸಾಗಿ ಪಟ್ಟಿಯಲ್ಲಿ ಬಂದರೆ ಒಂಬತ್ತರಿಂದ ಪ್ಲಸ್ ಟುವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಪುಸ್ತಕದ ಖರ್ಚಿನ ಚಿಂತೆ ತಪ್ಪುತ್ತದೆ.

ಇನ್ನು ಆಚೆ ಹೋಗುವವರ ಕಥೆ. ಕರ್ನಾಟಕದ ಸಿಇಟಿಯಲ್ಲಿ ನಮ್ಮಂಥವರಿಗೆ 'ಗಡಿನಾಡು ಕನ್ನಡಿಗ' ಎಂಬ ದಾರಿ ಇದೆ. ಒಂದರಿಂದ ಹನ್ನೆರಡನೇ ಕ್ಲಾಸಿನೊಳಗೆ ಕಡಿಮೆಯೆಂದರೂ ಏಳು ವರ್ಷ ಕಾಸರಗೋಡು, ಮಂಜೇಶ್ವರ ಅಥವಾ ಹೊಸದುರ್ಗ ತಾಲೂಕಿನಲ್ಲಿ ಓದಿರಬೇಕು. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ಕಡೆಯವರಿಗೂ ಇದೇ ನಿಯಮ. ತುಳು ಮನೆಮಾತಿನವರಿಗೂ ಅವಕಾಶ ಉಂಟು. ಅದರ ಜೊತೆಗೆ ಬೇರೆಯಾಗಿ ಒಂದು ಕನ್ನಡ ಪರೀಕ್ಷೆ ಬರೆಯಬೇಕು. ಹತ್ತು ವರ್ಷ ಕನ್ನಡದಲ್ಲೇ ಓದಿದ ನನ್ನ ಮಗಳು ಮಂಗಳೂರಿಗೆ ಹೋಗಿ ತನಗೆ ಕನ್ನಡ ಬರುತ್ತದೆ ಎಂದು ತೋರಿಸಿ ಬಂದಳು. ನಮಗೆ ನಗುವೂ ಬಂತು, ಸ್ವಲ್ಪ ಬೇಜಾರೂ ಆಯಿತು.

ಪರೀಕ್ಷೆಗಿಂತ ಕಷ್ಟವಾದದ್ದು ಏಳು ವರ್ಷದ ಲೆಕ್ಕ ತೋರಿಸುವುದು. ಇಲ್ಲಿ ನಾಲ್ಕರವರೆಗೆ ಎಲ್‌ಪಿ, ಏಳರವರೆಗೆ ಯುಪಿ, ಆಮೇಲೆ ಹೈಸ್ಕೂಲು. ಅವಳು ಮೂರಕ್ಕೂ ಬೇರೆ ಬೇರೆ ಶಾಲೆಗೆ ಹೋದವಳು. ಪ್ಲಸ್ ಟು ನಾಲ್ಕನೆಯದು. ಒಂದು ಕಡೆ ಇನಿಶಿಯಲ್ ಹೆಸರಿನ ಮುಂದಿತ್ತು, ಇನ್ನೊಂದು ಕಡೆ ಹಿಂದಿತ್ತು, ಮತ್ತೊಂದು ಕಡೆ ಅಪ್ಪನ ಹೆಸರೇ ಬೇರೆ ಸ್ಪೆಲ್ಲಿಂಗು. ಅಪ್ಪ ಅಂದರೆ ನಾನೇ. ಅರ್ಜಿ ತುಂಬಲು ಅಕ್ಷಯ ಕೇಂದ್ರದಲ್ಲಿ (ಇಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಜಾಗ) ಕೂತಾಗ ಇದೆಲ್ಲ ಹೊರಬಂತು. ಎರಡು ವಾರ ಸ್ಕೂಟರಿನಲ್ಲಿ ಶಾಲೆಯಿಂದ ಶಾಲೆಗೆ, ಅಲ್ಲಿಂದ ವಿಲೇಜ್ ಆಫೀಸಿಗೆ ಸುತ್ತಿದೆ. ಒಂಬತ್ತನೇ ಕ್ಲಾಸಿನಲ್ಲೇ ಈ ಸರ್ಟಿಫಿಕೇಟುಗಳನ್ನು ತೆಗೆಸಿ ನೋಡಿದ್ದರೆ ಆ ಪಾಡು ತಪ್ಪುತ್ತಿತ್ತು. ಎಸ್‌ಎಸ್‌ಎಲ್‌ಸಿ ಸರ್ಟಿಫಿಕೇಟ್ ಪುಸ್ತಕ ಅಚ್ಚಾಗುವ ಮೊದಲು ತಿದ್ದುವುದು ಸುಲಭ, ಆಮೇಲೆ ಅಲ್ಲ.

ಇಂಜಿನಿಯರಿಂಗಿಗೆ ಸಿಇಟಿ ಅಂಕದ ಜೊತೆ ಹನ್ನೆರಡನೇ ಕ್ಲಾಸಿನ ಅಂಕವೂ ಅರ್ಧಕ್ಕರ್ಧ ಸೇರುತ್ತದೆ. ಹಾಗಾಗಿ ಪ್ಲಸ್ ಟುವನ್ನು ಸುಮ್ನೆ ದಾಟಿಬಿಡುವ ಹಾಗಿಲ್ಲ. ಡಾಕ್ಟರ್ ಆಗಬೇಕು ಅನ್ನುವವರಿಗೆ ನೀಟ್. ಅದು ಕನ್ನಡದಲ್ಲೂ ಇದೆ, ಆದರೆ ಕನ್ನಡದ ಪ್ರಶ್ನೆಪತ್ರಿಕೆ ಬೇಕಾದರೆ ಕರ್ನಾಟಕದ ಕೇಂದ್ರವನ್ನೇ ಆರಿಸಬೇಕು. ಮನೆಯ ಹತ್ತಿರ ಎಂದು ಕಾಸರಗೋಡು ಹಾಕಿದರೆ ಕನ್ನಡ ಸಿಗುವುದಿಲ್ಲ. ಪಕ್ಕದ ಮನೆಯವರು ಇದನ್ನು ತಿಳಿಯದೆ ಕೊನೆಗೆ ಇಂಗ್ಲಿಷಿನಲ್ಲೇ ಬರೆಸಿದರು.

ಈಚೆ ಉಳಿಯುವುದು ಕಡಿಮೆಯೇನಲ್ಲ. ವಿದ್ಯಾನಗರದ ಸರಕಾರಿ ಕಾಲೇಜಿನಲ್ಲಿ ಕನ್ನಡದಲ್ಲಿ ಎಂಎವರೆಗೆ ಓದಬಹುದು. ಮಂಜೇಶ್ವರದಲ್ಲಿ ಗೋವಿಂದ ಪೈ ಹೆಸರಿನ ಸರಕಾರಿ ಕಾಲೇಜು ಇದೆ, ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಮೇಷ್ಟ್ರಾಗುವ ಆಸೆ ಇದ್ದವರು ಮಾಯಿಪ್ಪಾಡಿಯ ಡಯಟ್‌ಗೆ, ಅಂದರೆ ಶಿಕ್ಷಕರ ತರಬೇತಿ ಸಂಸ್ಥೆಗೆ, ಹೋಗುತ್ತಾರೆ. ಕೋರ್ಸಿನ ಹೆಸರು ಬದಲಾದರೂ ನಮ್ಮವರ ಬಾಯಲ್ಲಿ ಅದು ಇನ್ನೂ ಟಿಟಿಸಿಯೇ. ಕೇರಳ ಪಿಎಸ್‌ಸಿಯಲ್ಲಿ ಕನ್ನಡವೂ ಮಲಯಾಳವೂ ಬಲ್ಲವರಿಗೆಂದೇ ಕ್ಲರ್ಕ್ ಹುದ್ದೆಗಳಿವೆ. ಅದಕ್ಕೇ ನಾನು ಮಕ್ಕಳಿಗೆ ಮಲಯಾಳಂ ಓದಲು, ಬರೆಯಲು ಕಲಿಯಿರಿ ಎನ್ನುತ್ತೇನೆ. ಕೇರಳ ಸರಕಾರ ಶಾಲೆಗಳಲ್ಲಿ ಅದನ್ನು ಕಡ್ಡಾಯ ಮಾಡಿದಾಗ ನಾವೆಲ್ಲ ಬೀದಿಗಿಳಿದಿದ್ದು ನಿಜ. ಆ ಜಗಳ ಬೇರೆ, ಕಲಿಯುವುದು ಬೇರೆ.

ಆಚೆ ಸೀಟು ಸಿಕ್ಕಿದ ಮೇಲೂ ಹಾಸ್ಟೆಲ್ಲೋ ರೈಲೋ ಎಂಬ ಪ್ರಶ್ನೆ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರು. ಸೀಸನ್ ಟಿಕೆಟ್ ಮಾಡಿಸಿ ದಿನಾ ಹೋಗಿ ಬರುವ ಮಕ್ಕಳೇ ತುಂಬಾ. 2020ರಲ್ಲಿ ಕೊರೊನಾ ಬಂದು ತಲಪಾಡಿ ಮುಚ್ಚಿದಾಗ ಪರೀಕ್ಷೆಗೆ ಹೇಗೆ ಹೋಗುವುದು ಎಂದು ಮನೆಮನೆಯಲ್ಲೂ ಗಾಬರಿ. ಅದರ ಮುಂದಿನ ವರ್ಷ ಗಡಿ ದಾಟಲು ಆರ್‌ಟಿಪಿಸಿಆರ್ ರಿಪೋರ್ಟ್ ಬೇಕಾಯಿತು. ಆಗಿನಿಂದ ನನ್ನ ಹೆಂಡತಿ ಹಟ ಹಿಡಿದು ಮಗಳನ್ನು ಹಾಸ್ಟೆಲ್ಲಿಗೇ ಸೇರಿಸಿದಳು.

ಮಗ ಈಗ ಎಂಟನೇ ಕ್ಲಾಸು. ಅವನ ಎಲ್‌ಪಿ, ಯುಪಿ ಸರ್ಟಿಫಿಕೇಟು ತಂದು ಫೈಲಿನಲ್ಲಿ ಇಟ್ಟಾಗಿದೆ. ಮೂರು ಸಲ ಓದಿ ನೋಡಿದೆ, ಇನಿಶಿಯಲ್ ಸರಿಯಾಗಿದೆ. ಅವನಿಗೆ ಮಾತ್ರ ಕ್ರಿಕೆಟ್ ಬಿಟ್ಟರೆ ಆಚೆಯೂ ಬೇಡ, ಈಚೆಯೂ ಬೇಡ.